ಉಡಿಯಲ್ಲಿ ಹೋದ ನಾಲ್ಕನೆಯ ಭಾಗ

ಗೋವೆಯ ಕುಡಚಡೆಯಲ್ಲಿ, ಸ್ಟೇಷನ್ ರಸ್ತೆಯ ಮೇಲೆ ನಮ್ಮದೊಂದು ಬಟ್ಟೆ ಅಂಗಡಿ. ಮಾವನವರು ಬೆಳಗಾವಿಯಿಂದ ಬಂದು ಹಾಕಿದ್ದು. ಅವರೀಗ ಬೆಳಗಾವಿಯ ಹಳೆಯ ಅಂಗಡಿ ನೋಡಿಕೊಂಡು ಅಲ್ಲೊಂದು ಕಾಲು, ಇಲ್ಲೊಂದು ಕಾಲು ಇಟ್ಟುಕೊಂಡಿದ್ದಾರೆ. ಇಲ್ಲಿ ಗಲ್ಲಾ ಪೆಟ್ಟಿಗೆಯ ಹಿಂದೆ ಕೂತಿರುವವನು ನನ್ನ ಗಂಡ, ಅಂಗಡಿ ನಡೆಸುವವರು ನನ್ನ ಅತ್ತೆ. ಇದನ್ನು ಗಂಡನ ಎದುರಿಗೇ ಹೇಳುತ್ತೇನೆ, ಅವನೂ ಅಲ್ಲವೆನ್ನುವುದಿಲ್ಲ. ಅದಿರಿನ ಟ್ರಕ್ಕುಗಳು ಓಡಾಡುವ ಊರು ನಮ್ಮದು. ಬೆಳಿಗ್ಗೆ ಒರೆಸಿದ ಕಪಾಟು ಮಧ್ಯಾಹ್ನದ ಹೊತ್ತಿಗೆ ಕೆಂಪಗಾಗಿರುತ್ತದೆ. ಬಿಳಿ ಧೋತರ ಮುಟ್ಟುವ ಮೊದಲು ಕೈ ತೊಳೆಯದವರನ್ನು ಅತ್ತೆ ಸುಮ್ಮನೆ ಬಿಟ್ಟವರಲ್ಲ. ಆ ಸಾಲಿನಲ್ಲಿ ಗಿರಾಕಿಗಳೂ ಸೇರುತ್ತಾರೆ.

ಮದುವೆಯಾಗಿ ಧಾರವಾಡದಿಂದ ಬಂದಾಗ ನನ್ನ ಟ್ರಂಕಿನಲ್ಲಿ ಸೀರೆಗಿಂತ ಪುಸ್ತಕಗಳೇ ಹೆಚ್ಚಿದ್ದವು. ಅವನ್ನು ಓದಿದೆ, ತಿರುಗಿ ಓದಿದೆ, ಆಮೇಲೆ ಬೆನ್ನು ನೋಡಿದರೇ ಬೇಸರ ಬರುವಷ್ಟಾಯಿತು. ಈ ಊರಿನಲ್ಲಿ ಕನ್ನಡ ಮಾತು ಬೇಕಾದಷ್ಟು ಸಿಗುತ್ತದೆ, ಕನ್ನಡ ಪುಸ್ತಕ ಸಿಗುವುದಿಲ್ಲ. ನಾನು ಇಲ್ಲಿಗೆ ಬಂದು ಕೊಂಕಣಿ ಕಲಿತೆ, ಗಿರಾಕಿಗಳ ಜೊತೆ ಮರಾಠಿಯಲ್ಲಿ ಜಗಳ ಆಡುವುದನ್ನು ಕಲಿತೆ. ಆದರೆ ಓದಲು ಹೊಸದೇನೂ ಇಲ್ಲದೆ ದಿನ ಕಳೆಯುವುದನ್ನು ಮಾತ್ರ ಕಲಿಯಲಾಗಲಿಲ್ಲ.

ದಾರಿ ಸಿಕ್ಕಿದ್ದು ಹಿಟ್ಟಿನ ಗಿರಣಿಯಲ್ಲಿ. ಜೋಳ ಬೀಸಿಸಲು ಹೋಗಿದ್ದೆ. ಗಿರಣಿಯವನ ಹೆಂಡತಿ ಹಿಟ್ಟು ಮೆತ್ತಿದ ಕೈಯಲ್ಲಿ ಒಂದು ಕನ್ನಡ ಕಾದಂಬರಿ ಹಿಡಿದು, ಗಿರಣಿಯ ಗದ್ದಲದಲ್ಲಿ ಜಗತ್ತನ್ನೇ ಮರೆತು ಕೂತಿದ್ದಳು. ನನ್ನ ಜೋಳ ಬೀಸಿ ಮುಗಿದು ಕಲ್ಲು ಬರಿದೇ ತಿರುಗತೊಡಗಿದರೂ ತಲೆಯೆತ್ತಲಿಲ್ಲ. ನನಗೆ ಸಿಟ್ಟು ಬರಬೇಕಿತ್ತು, ಬಂದದ್ದು ಹೊಟ್ಟೆಕಿಚ್ಚು. ಪುಸ್ತಕ ಎಲ್ಲಿಂದ ಬಂತು ಎಂದು ಕೇಳಿದೆ. ಗಿರಣಿಯ ಮೇಲಿನ ಕೋಣೆಯಲ್ಲಿ ಪ್ರತಿ ರವಿವಾರ ಏಳೆಂಟು ಜನ ಸೇರುತ್ತೇವೆ, ಬಾ ಎಂದಳು.

ಹೋದೆ. ಗೋದಿಯ ಚೀಲಗಳ ನಡುವೆ ಚಾಪೆ ಹಾಸಿದ್ದರು. ಹಾರ, ಭಾಷಣ, ಸ್ವಾಗತ ಏನೂ ಇಲ್ಲ. ನಿವೃತ್ತರಾದ ಒಬ್ಬ ಕನ್ನಡ ಶಾಲೆಯ ಮಾಸ್ತರರು ನಡುವೆ ಕೂತು ಒಬ್ಬೊಬ್ಬರನ್ನೂ, "ಈಗ ಏನ ಓದಾಕತ್ತೀರಿ?" ಎಂದು ಕೇಳುತ್ತಿದ್ದರು. ಊಟ ಆಯಿತೇ ಎಂದು ಕೇಳುವ ಅದೇ ದನಿಯಲ್ಲಿ. ಕೇಳಿಸಿಕೊಂಡವರು ಏನು ಓದುತ್ತಿದ್ದೇವೆ, ಎಲ್ಲಿಯವರೆಗೆ ಬಂದಿದ್ದೇವೆ, ಮನಸ್ಸಿಗೆ ಏನು ಹತ್ತಿತು, ಏನು ಹತ್ತಲಿಲ್ಲ ಎಂದು ಹೇಳಬೇಕು. ಆಸ್ಪತ್ರೆಯ ನರ್ಸ್‌ಬಾಯಿ ಪುರಾಣ ಓದುತ್ತಿದ್ದರು, ದೇವರುಗಳ ಮೇಲೆ ಅವರಿಗೆ ವಿಪರೀತ ತಕರಾರಿತ್ತು. ಗಿರಣಿಯವನು ಪತ್ತೇದಾರಿ ಬಿಟ್ಟು ಬೇರೆ ಮುಟ್ಟುವವನಲ್ಲ. ಅದನ್ನೂ ಕೊನೆಯ ಪುಟ ಮೊದಲು ಓದಿ, ಕೊಲೆಗಾರ ಯಾರೆಂದು ಖಾತ್ರಿ ಮಾಡಿಕೊಂಡು ಆಮೇಲೆ ನೆಮ್ಮದಿಯಿಂದ ಶುರು ಮಾಡುತ್ತಿದ್ದ. ಎಲ್ಲರೂ ಅದಕ್ಕಾಗಿ ಅವನನ್ನು ಬೈಯುತ್ತಿದ್ದರು. ಪುಸ್ತಕಗಳನ್ನು ತರುವವರು ಮಾಸ್ತರರು. ತಿಂಗಳಿಗೊಮ್ಮೆ ಧಾರವಾಡಕ್ಕೆ ಹೋಗಿ ಚೀಲ ತುಂಬಿಕೊಂಡು ಬರುತ್ತಿದ್ದರು.

ಅವತ್ತಿನಿಂದ ರವಿವಾರದ ಆ ಸಂಜೆ ನನ್ನದಾಯಿತು. ವಾರದ ಉಳಿದ ಹೊತ್ತೆಲ್ಲ ಮನೆಯದು, ಅಂಗಡಿಯದು, ಮಗಳದು. ಆ ಚಾಪೆಯ ಮೇಲೆ ಕೂತಾಗ ಮಾತ್ರ ನಾನು ನನ್ನ ಕೈಗೆ ಸಿಗುತ್ತಿದ್ದೆ. ಅದನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಅತ್ತೆಗೆ ಅದು ಸರಿಬರಲಿಲ್ಲ. ನಮ್ಮ ಅಂಗಡಿಗೆ ಬುಧವಾರ ರಜೆ, ರವಿವಾರ ಕೂಲಿಯವರು ಬಟ್ಟೆ ಕೊಳ್ಳಲು ಬರುವ ದಿನ. ನಾನು ಚಪ್ಪಲಿ ಮೆಟ್ಟುವ ಹೊತ್ತಿಗೆ ಸರಿಯಾಗಿ ಅವರಿಗೆ ಯಾವುದೋ ಗಂಟು ಬಿಚ್ಚಬೇಕೆನ್ನಿಸುತ್ತಿತ್ತು. ನೀವೂ ಒಮ್ಮೆ ಬರ್ರಿ ಎಂದು ಕರೆದರೆ, "ನಾನೇನ ಓದ್ಲಿ? ನನಗ ಕೆಲಸ ಐತಿ" ಎನ್ನುತ್ತಿದ್ದರು, ಕೆಲಸ ಇರುವುದು ಜಗತ್ತಿನಲ್ಲಿ ಅವರೊಬ್ಬರಿಗೇ ಎಂಬ ಹಾಗೆ. ದೀಪಾವಳಿ ಹತ್ತಿರ ಬಂದಾಗ ಮಾತು ಬಿಗಿಯಾಯಿತು. ಹಬ್ಬದ ವ್ಯಾಪಾರ ಮುಗಿಯುವತನಕ ಹೇಗೋ ಸುಧಾರಿಸಿಕೊಳ್ಳುತ್ತೇನೆ, ಆಮೇಲೆ ರವಿವಾರ ಹೊರಗೆ ಹೋಗುವುದು ನಿಲ್ಲಬೇಕು ಎಂದರು. ನಾನು ಗಂಡನ ಮುಖ ನೋಡಿದೆ. ಅವನು ಫ್ಯಾನು ಸರಿಯಾಗಿ ತಿರುಗುತ್ತಿದೆಯೇ ಎಂದು ಪರೀಕ್ಷಿಸುತ್ತಿದ್ದ.

ಆ ಹೊತ್ತಿಗೇ ಮಾಸ್ತರರು ಆ ದಪ್ಪ ಕಾದಂಬರಿ ತಂದದ್ದು. ಈಗ ಅಚ್ಚಿನಲ್ಲಿ ಇಲ್ಲವಂತೆ, ಇದ್ದದ್ದೊಂದೇ ಪ್ರತಿ, ಅದೂ ಬೆನ್ನು ಹರಿದು ಹಾಳೆಗಳು ಜೋತಾಡುತ್ತಿದ್ದವು. ಎಲ್ಲರಿಗೂ ಅದೇ ಬೇಕು. ಸರದಿಯ ಪ್ರಕಾರ ಓದಿದರೆ ಕೊನೆಯವರ ಕೈಗೆ ಬರುವಷ್ಟರಲ್ಲಿ ಮುಂದಿನ ಮಳೆಗಾಲ. ನಾನು ಬಟ್ಟೆ ಅಂಗಡಿಯವಳು. ಒಂದು ಥಾನಿನಿಂದ ನಾಲ್ಕು ಜನಕ್ಕೆ ಹೇಗೆ ಕೊಡುತ್ತಾರೆಂದು ಗೊತ್ತು. ಕತ್ತರಿಸಿ ನಾಲ್ಕು ಭಾಗ ಮಾಡೋಣ, ಒಬ್ಬರ ಹಿಂದೆ ಒಬ್ಬರು ಓದುತ್ತ ಹೋಗೋಣ ಎಂದೆ. ಮಗುವಿನ ಕಿವಿ ಚುಚ್ಚಲು ಬಂದವರನ್ನು ತಾಯಿ ನೋಡುವ ಹಾಗೆ ಮಾಸ್ತರರು ನನ್ನನ್ನು ನೋಡಿದರು. ಎಲ್ಲರೂ ಓದಿದ ಮೇಲೆ ಮತ್ತೆ ಒಂದು ಮಾಡಿ ಹೊಲಿದು ಕೊಡುತ್ತೇನೆ ಎಂದು ಮಾತು ಕೊಟ್ಟೆ. ಬಹಳ ಹೊತ್ತಿನ ಮೇಲೆ ಒಪ್ಪಿದರು, ಒಂದು ಷರತ್ತಿನ ಮೇಲೆ.

"ಒಂದು ಹಾಳಿ ಕಳದರೂ ನಾ ಇನ್ನ ಪುಸ್ತಕ ತರೂದಿಲ್ಲವಾ. ನೋಡ್ಕೋ," ಎಂದರು.

ಬ್ಲೇಡಿನಿಂದ ಹಳೆಯ ದಾರ ಬಿಡಿಸಿ, ದಪ್ಪ ನೋಡಿ ಸರಿಯಾಗಿ ನಾಲ್ಕು ಮಾಡಿದೆ. ದಬ್ಬಣದಿಂದ ಹೊಲಿದೆ. ರಟ್ಟು ಇಟ್ಟು, ಅಂಗಡಿಯಲ್ಲಿ ಮಿಕ್ಕ ಖಣದ ತುಂಡುಗಳಿಂದ ಹೊದಿಕೆ ಹಾಕಿದೆ: ಕೆಂಪು, ಹಳದಿ, ನೀಲಿ, ಕೊನೆಯದಕ್ಕೆ ಹಸಿರು. ಖಣ ಎಂದರೆ ಕುಪ್ಪಸದ ಬಟ್ಟೆ. ನಮ್ಮ ಕಡೆ ಮುತ್ತೈದೆಯರ ಉಡಿ, ಅಂದರೆ ಮಡಿಲು, ತುಂಬಲು ಅದೇ ಬೇಕು, ಅದಕ್ಕೇ ಅಂಗಡಿಯಲ್ಲಿ ಸದಾ ರಾಶಿ ಇರುತ್ತದೆ. ಪುಸ್ತಕಗಳು ಬಲು ಚೆಂದ ಕಂಡವು. ಗುಂಪಿನಲ್ಲಿ ಒಂದು ನಿಯಮವೂ ಆಯಿತು: ಮುಂದೆ ಓದಿದವರು ಹಿಂದಿದ್ದವರ ಎದುರು ಬಾಯಿ ಬಿಡಬಾರದು.

ಮಧ್ಯಾಹ್ನ ಊಟದ ಹೊತ್ತಿಗೆ ಇಲ್ಲಿ ಅಂಗಡಿಗಳೆಲ್ಲ ಬಾಗಿಲು ಹಾಕುತ್ತವೆ, ನಾಲ್ಕರವರೆಗೆ ಊರೇ ಮಲಗುತ್ತದೆ. ಅತ್ತೆ ಇಷ್ಟು ವರ್ಷ ಗೋವೆಯಲ್ಲಿದ್ದೂ ಹಗಲು ಮಲಗುವುದನ್ನು ಕಲಿಯಲಿಲ್ಲ. ಅವರು ಅಂಗಡಿಯೊಳಗೆ ಕೂತು ಬೆಳಿಗ್ಗೆ ಬಿಚ್ಚಿದ ಬಟ್ಟೆಗಳನ್ನು ಮಡಚುತ್ತಿದ್ದರು, ನಾನು ಪಕ್ಕದಲ್ಲಿ ಓದುತ್ತಿದ್ದೆ. ಒಂದು ದಿನ ಯಾವುದೋ ಪುಟದಲ್ಲಿ ನನಗೆ ಅಳು ಬಂತು. ಅತ್ತೆ ಸ್ವಲ್ಪ ಹೊತ್ತು ನೋಡಿ, "ಬಾಯಿ ಬಿಟ್ಟ ಓದು. ಇಲ್ಲೆ ಇನ್ನೊಬ್ಬರು ಅದಾರ," ಎಂದರು.

ಅಂದಿನಿಂದ ಜೋರಾಗಿ ಓದಿದೆ, ಮೊದಲಿನಿಂದ. ಕಥೆ ಹೀಗಿತ್ತು. ನೇಕಾರರ ಮನೆಯ ಹಿರಿಯ ಮಗಳು. ತಂಗಿಯ ಮದುವೆಯಲ್ಲಿ ಸೊಂಟದ ಬಂಗಾರದ ಡಾಬು ಕಳೆಯುತ್ತದೆ, ಕಳವು ಇವಳ ತಲೆಗೆ ಬರುತ್ತದೆ. ಅಪ್ಪನೂ ನಂಬುತ್ತಾನೆ. ಅವಳು ಒಂದು ಮಾತೂ ಆಡದೆ ಮನೆ ಬಿಟ್ಟು, ದೂರದ ಜಂಕ್ಷನ್ ಊರಿನಲ್ಲಿ ಖಾನಾವಳಿ ತೆರೆಯುತ್ತಾಳೆ. ಅತ್ತೆ ಎರಡನೆಯ ದಿನವೇ ತೀರ್ಪು ಕೊಟ್ಟುಬಿಟ್ಟರು: ಡಾಬು ಕದ್ದವನು ಅಳಿಯ. ಪುಸ್ತಕದಲ್ಲಿ ಅದರ ಸುಳಿವೂ ಇರಲಿಲ್ಲ. ನಾನು ಹಾಗೆಂದರೆ, ಮದುವೆಯಲ್ಲಿ ಅವನು ಊಟಕ್ಕೆ ಕೂತ ರೀತಿಯೇ ಸರಿಯಿಲ್ಲ ಎಂದರು. ವ್ಯಾಪಾರದ ನಡುವೆ ಬಟ್ಟೆ ಅಳೆಯುತ್ತ ಅಳಿಯನನ್ನು ಬೈದುಕೊಳ್ಳುತ್ತಿದ್ದರು. ಎದುರಿಗಿದ್ದ ಗಿರಾಕಿ ತನಗೇ ಬೈದರೆಂದು ತಿಳಿದು ಚೌಕಾಸಿ ನಿಲ್ಲಿಸುತ್ತಿದ್ದ. ಇಷ್ಟಾದರೂ ಯಾರಾದರೂ ಕೇಳಿದರೆ, ಸೊಸೆ ಓದುತ್ತಾಳೆ, ಕಿವಿಯ ಮೇಲೆ ಬೀಳುತ್ತದೆ ಅಷ್ಟೇ ಎನ್ನುತ್ತಿದ್ದರು.

ನೀಲಿ ಹೊದಿಕೆಯ ಮೂರನೆಯ ಭಾಗ ಗುರುವಾರ ಮುಗಿಯಿತು. ಮುಪ್ಪಾದ ಅಪ್ಪ, ಯಾರ ಖಾನಾವಳಿ ಎಂದು ತಿಳಿಯದೆ, ಅದೇ ಖಾನಾವಳಿಗೆ ಬಂದು ಎಲೆಯ ಮುಂದೆ ಕೂಡುತ್ತಾನೆ. ಮಗಳು ರೊಟ್ಟಿ ಹಿಡಿದು ಪರದೆಯ ಹಿಂದೆ ನಿಂತಿದ್ದಾಳೆ. ಅವಳು ಪರದೆಯ ಅಂಚು ಹಿಡಿದು... ಅಲ್ಲಿಗೆ ಹಾಳೆ ಮುಗಿಯಿತು. ನಾನು ಅಧ್ಯಾಯ ನೋಡಿರಲಿಲ್ಲ, ದಪ್ಪ ನೋಡಿ ಕತ್ತರಿಸಿದ್ದೆ. ಖಣವನ್ನು ಅಡ್ಡ ಕತ್ತರಿಸಿ ಕೆಡಿಸಿದ ಸಿಂಪಿಗನನ್ನು ನೋಡುವ ಹಾಗೆ ಅತ್ತೆ ನನ್ನನ್ನು ನೋಡಿದರು. ಸಂಜೆ ಜೋಳ ಬೀಸಿಸುವ ನೆಪ ಮಾಡಿಕೊಂಡು ತಾವೇ ಗಿರಣಿಗೆ ಹೋದರು. ಗಿರಣಿಯವನ ಹೆಂಡತಿ ಎಲ್ಲರಿಗಿಂತ ಮೊದಲು ನಾಲ್ಕೂ ಭಾಗ ಓದಿದವಳು. ಅವಳು ಹಿಟ್ಟು ಕೊಟ್ಟಳು, ನಿಯಮ ಇದೆ ಎಂದಳು, ತುಟಿ ಬಿಚ್ಚಲಿಲ್ಲ. ನಾಲ್ಕನೆಯ ಭಾಗ ನಾಳೆ ಬೆಳಿಗ್ಗೆ ಕಳಿಸುತ್ತೇನೆಂದು ಮಾತ್ರ ಹೇಳಿದಳು.

ಶುಕ್ರವಾರ ಬೆಳಿಗ್ಗೆ ಅದು ಬಂತು. ಅಂಗಡಿಯಲ್ಲಿ ಗದ್ದಲವಿತ್ತು, ಕೈಗೆ ಸಿಕ್ಕ ಕಪಾಟಿನಲ್ಲಿಟ್ಟೆ. ಅದು ಖಣಗಳ ಕಪಾಟು. ಮಧ್ಯಾಹ್ನ ಮಗಳ ಶಾಲೆಯಲ್ಲಿ ಸಭೆ ಇತ್ತು, ಓದು ಶನಿವಾರಕ್ಕೆ ಹೋಯಿತು.

ಅದೇ ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ, ಅಂಗಡಿಯ ಹಿಂದಿನ ಚಾಳಿನಲ್ಲಿದ್ದ ಒಬ್ಬ ಹುಡುಗಿ ಹೇಳಿಹೋಗಲು ಬಂದಿದ್ದಳು. ವಿಜಯಪುರದ ಕಡೆಯವಳು, ಗಂಡ ಗೌಂಡಿ ಕೆಲಸದವನು. ಅವನಿಗೆ ದಾಬೋಲಿಮ್‌ನಲ್ಲಿ ಕೆಲಸ ಸಿಕ್ಕಿ ಮರುದಿನವೇ ಬಿಡಾರ ಎತ್ತುವುದಿತ್ತು. ಅತ್ತೆಗೆ ಅವಳೆಂದರೆ ಪ್ರೀತಿ, ಏಕೆಂದರೆ ಚೌಕಾಸಿಯಲ್ಲಿ ಅತ್ತೆಯನ್ನು ಸೋಲಿಸಿದವಳು ಈ ಊರಿನಲ್ಲಿ ಅವಳೊಬ್ಬಳೇ. ಊರು ಬಿಟ್ಟು ಹೋಗುವ ಮುತ್ತೈದೆ, ಅದೂ ಶುಕ್ರವಾರ, ಬರಿಗೈಯಲ್ಲಿ ಕಳಿಸುವುದುಂಟೇ? ಅತ್ತೆ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಉತ್ತತ್ತಿ ತಂದು, ಕಪಾಟಿನಿಂದ ಒಂದು ಹಸಿರು ಖಣ ಎಳೆದು ಉಡಿ ತುಂಬಿದರು. ಕರೆಂಟು ಹೋಗಿತ್ತು. ಕನ್ನಡಕ ಗಲ್ಲಾ ಪೆಟ್ಟಿಗೆಯ ಮೇಲಿತ್ತು. ನಾನು ಒಳಗೆ ಒಲೆಯ ಮುಂದಿದ್ದೆ.

ಶನಿವಾರ ಮಧ್ಯಾಹ್ನ ಬಾಗಿಲು ಹಾಕಿ, ಅತ್ತೆ ಬಟ್ಟೆ ಮಡಚುವುದನ್ನೂ ಬಿಟ್ಟು ಕಾಲು ಚಾಚಿ ಕೂತರು. ನಾನು ಕಪಾಟಿಗೆ ಕೈ ಹಾಕಿದೆ. ಪುಸ್ತಕ ಇಲ್ಲ. ಮೇಲೆ ಕೆಳಗೆ ಹುಡುಕಿದೆ. ಅತ್ತೆ ಎದ್ದು ಬಂದು ಖಣಗಳನ್ನು ಒಂದೊಂದಾಗಿ ತೆಗೆದರು. ಉಡಿಗೆಂದೇ ರಟ್ಟಿಗೆ ಸುತ್ತಿ ಇಟ್ಟಿದ್ದ ಹಸಿರು ಖಣ ಕೊನೆಯಲ್ಲಿ ಸಿಕ್ಕಿತು. ಅದನ್ನು ಕೈಯಲ್ಲಿ ಹಿಡಿದು ಒತ್ತಿ ನೋಡಿದರು. ರಟ್ಟಿನ ಗಟ್ಟಿತನ ಪುಸ್ತಕದ್ದೂ ಅದೇ, ಖಣದ್ದೂ ಅದೇ.

"ಉಡ್ಯಾಗ ಹೋತು," ಎಂದು ಅಲ್ಲೇ ಕೂತುಬಿಟ್ಟರು.

ನಾನು ಫೋನು ತೆಗೆದೆ, ಆ ಹುಡುಗಿಯ ಗಂಡನ ನಂಬರು ಅಂಗಡಿಯಲ್ಲಿತ್ತು. ಅತ್ತೆ ಫೋನು ಕಸಿದುಕೊಂಡರು. ಉಡಿಗೆ ಹಾಕಿದ್ದನ್ನು ತಿರುಗಿ ಕೇಳುವವರ ಮನೆಯಲ್ಲಿ ನೀನು ಹುಟ್ಟಿದ್ದೀಯೋ ಏನೋ, ಈ ಮನೆಯಲ್ಲಿ ಅದು ನಡೆಯುವುದಿಲ್ಲ ಎಂದರು. ನನ್ನ ಮೈಯೆಲ್ಲ ಉರಿದುಹೋಯಿತು. ತಪ್ಪಿ ಕೊಟ್ಟದ್ದು ತಾವು, ತವರಿನ ಮಾತು ಕೇಳಬೇಕಾದವಳು ನಾನು! ಆದರೆ ನನಗೂ ಗೊತ್ತಿತ್ತು, ಅವರು ಹೇಳಿದ್ದು ಸುಳ್ಳಲ್ಲ. ಉಡಿಯಲ್ಲಿ ಬಿದ್ದದ್ದು ಅವಳದು. ಅದನ್ನು ಕೇಳುವುದೆಂದರೆ ಹಾರೈಕೆಯನ್ನೇ ವಾಪಸು ಕೇಳಿದ ಹಾಗೆ. ನಾನೂ ಫೋನಿಗಾಗಿ ಮತ್ತೆ ಕೈ ಚಾಚಲಿಲ್ಲ.

ರವಿವಾರ ಗಿರಣಿಯ ಮೇಲೆ ನನ್ನ ಸರದಿ ಬಂದಾಗ ನಡೆದದ್ದನ್ನೆಲ್ಲ ಹೇಳಿದೆ. ಕೇಳಿ ತರಬಹುದಲ್ಲ ಎಂದು ಗಿರಣಿಯವನು ಅಂದ. ಹೆಂಗಸರೆಲ್ಲ ಒಟ್ಟಿಗೆ ಅವನ ಮೇಲೆ ಹರಿಹಾಯ್ದರು. ಹಾಗಾದರೆ ಕೊನೆಯನ್ನು ನನ್ನ ಹೆಂಡತಿ ಹೇಳಲಿ, ನನಗೆ ಅಷ್ಟೇ ಸಾಕು ಎಂದ. ಆಗ ಎಲ್ಲರೂ ನಕ್ಕರು. ಮಾಸ್ತರರು ನಗಲಿಲ್ಲ. ಅವರು ನನ್ನನ್ನು ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಮುಂದಿನ ರವಿವಾರ ಪುಸ್ತಕ ಪೂರ್ತಿ ಈ ಚಾಪೆಯ ಮೇಲೆ ಬರಬೇಕು, ಬರದಿದ್ದರೆ ನನ್ನ ಚೀಲ ಇನ್ನು ಖಾಲಿ ಎಂದು ಮೆಲ್ಲಗೆ ಹೇಳಿ ಎದ್ದುಹೋದರು. ನನ್ನೊಬ್ಬಳ ಕತ್ತರಿಯಿಂದ ಎಂಟು ಜನರ ಓದು ನಿಲ್ಲುತ್ತಿತ್ತು. ಮೆಟ್ಟಿಲಿಳಿಯುತ್ತಿದ್ದ ಅವರ ಬೆನ್ನಿಗೆ, ತರುತ್ತೇನೆ ಎಂದು ಕೂಗಿ ಹೇಳಿದೆ. ಹೇಗೆ ತರುವುದೆಂದು ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿದೆ. ಇನ್ನು ನೀವು ನನ್ನ ರವಿವಾರ ನಿಲ್ಲಿಸುವುದು ಬೇಡ, ಅದು ತಾನೇ ನಿಂತಿತು ಎಂದು ಅತ್ತೆಗೆ ಹೇಳಿದೆ. ಹೇಳುತ್ತ ಅಳು ಬಂತು. ಅತ್ತೆ ಏನೂ ಅನ್ನಲಿಲ್ಲ. ಅವರು ಏನೂ ಅನ್ನದೆ ಇರುವುದನ್ನು ನಾನು ಆ ಮನೆಗೆ ಬಂದ ಮೇಲೆ ನೋಡಿದ್ದು ಅದೇ ಮೊದಲು.

ಮಂಗಳವಾರ ಸಂಜೆ ಅವರು ಕೈಚೀಲ ಹಿಡಿದು ಹೊರಟರು. ಎಲ್ಲಿಗೆಂದು ಹೇಳಲಿಲ್ಲ. ಬರುವಾಗ ಚೀಲದಲ್ಲಿ ಕೆಂಪು, ಹಳದಿ ಹೊದಿಕೆಯ ಎರಡು ಭಾಗಗಳಿದ್ದವು. ನರ್ಸ್‌ಬಾಯಿ ಮರುಮಾತಾಡದೆ ಕೊಟ್ಟರಂತೆ. ಗಿರಣಿಯವನು, ಪತ್ತೇದಾರಿಯಲ್ಲದಿದ್ದರೂ ಈ ಪುಸ್ತಕ ಹಿಡಿಸಿದೆ, ಇನ್ನು ನಾಲ್ಕೇ ಹಾಳೆ ಉಳಿದಿದೆ ಎಂದು ಬೇಡಿಕೊಂಡನಂತೆ. ಅತ್ತೆ ಕೈ ಚಾಚಿ ನಿಂತೇ ಇದ್ದರಂತೆ, ಕೊಡದೆ ಏನು ಮಾಡುತ್ತಾನೆ? ಮೂರನೆಯದು ನಮ್ಮಲ್ಲೇ ಇತ್ತು. ಯಾಕೆ ಇದೆಲ್ಲ ಎಂದು ಕೇಳಿದೆ. ನಾಳೆ ಅಂಗಡಿಗೆ ರಜೆ, ದಾಬೋಲಿಮ್‌ಗೆ ಹೋಗುವುದಿದೆ, ಬೇಗ ಏಳು ಎಂದರು.

ಬುಧವಾರ ವಾಸ್ಕೋ ಕಡೆಯ ರೈಲು ಹತ್ತಿದೆವು. ಅತ್ತೆಯ ತೊಡೆಯ ಮೇಲೆ ಬುಟ್ಟಿ, ಬುಟ್ಟಿಯ ಮೇಲೆ ಬಟ್ಟೆ. ಮುಚ್ಚಿದ್ದರೂ ರೊಟ್ಟಿಯ, ಶೇಂಗಾ ಚಟ್ನಿಯ ವಾಸನೆ ಬೋಗಿಯ ತುಂಬ ಹರಡಿತ್ತು. ಅವರು ಕೇಳುವುದಿಲ್ಲ ಎಂದು ನನಗೆ ಗೊತ್ತು. ಕೇಳದೆ ಹೇಗೆ ತರುತ್ತಾರೆ ಎಂಬುದು ತಿಳಿಯಲಿಲ್ಲ. ಬಹುಶಃ ಈ ಮೂರು ಭಾಗ ತೋರಿಸಿ, ಅವಳಾಗಿಯೇ ಅರ್ಥಮಾಡಿಕೊಂಡು ಕೊಡಲಿ ಎಂಬ ಹಂಚಿಕೆ ಇರಬೇಕು ಎಂದುಕೊಂಡೆ. ಮಡಗಾಂವದಲ್ಲಿ ಕಿಟಕಿಯ ಪಕ್ಕದ ಸೀಟು ಖಾಲಿಯಾಯಿತು, ಅತ್ತೆ ಅತ್ತ ಸರಿದು ಕೂತು ದಾಬೋಲಿಮ್ ಬರುವತನಕ ಅಳಿಯನನ್ನು ಬೈದರು.

ವಿಳಾಸ ಕೇಳಿಕೊಂಡು ಹೋದೆವು. ತಗಡು ಹೊದಿಸಿದ ಸಾಲು ಕೋಣೆಗಳು, ವಿಮಾನಗಳು ತಲೆಗೆ ತಾಗುವ ಹಾಗೆ ಇಳಿಯುತ್ತಿದ್ದವು. ಹುಡುಗಿ ನಮ್ಮನ್ನು ನೋಡಿ ಗಾಬರಿಯಾದಳು, ಆಮೇಲೆ ಹಿಗ್ಗಿದಳು, ನೀರು ಕೊಟ್ಟಳು. ನನ್ನ ಕಣ್ಣು ನೇರ ದೇವರ ಫೋಟೋದ ಕಡೆಗೆ ಹೋಯಿತು. ಅಲ್ಲಿ ಕುಂಕುಮ ಹಚ್ಚಿದ ಹಸಿರು ಪುಸ್ತಕ ಕೂತಿತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ.

ಅವಳೇ ಅದರ ಮಾತು ತೆಗೆದಳು. "ಆಯಿ, ನೀವು ಉಡ್ಯಾಗ ಹಾಕಿದ ಪುಸ್ತಕ ಎರಡ ಸಲ ಓದೇನ್ರಿ. ನನಗ ಪುಸ್ತಕ ಯಾರೂ ಕೊಟ್ಟಿದ್ದಿಲ್ಲ. ಆದರ ಆಕಿ ಯಾಕ ಅಪ್ಪನ ಮಾರಿ ನೋಡಾಕ ಒಲ್ಲೆ ಅಂತಾಳ, ಅದ ತಿಳೀವಲ್ದು ನೋಡ್ರಿ."

ಪುಸ್ತಕವನ್ನು ಬೇಕೆಂದೇ ಕೊಟ್ಟರೆಂದು ಅವಳು ತಿಳಿದಿದ್ದಳು. ಊರು ಬಿಡುವಾಗ ಎಲ್ಲರೂ ಖಣ ಕೊಟ್ಟರು, ಆಯಿ ಒಬ್ಬರೇ ಪುಸ್ತಕ ಕೊಟ್ಟರು ಎಂದು ಗಂಡನಿಗೆ ತೋರಿಸಿದ್ದಳಂತೆ, ಊರಿಗೆ ಫೋನು ಮಾಡಿ ಅವ್ವನಿಗೂ ಹೇಳಿದ್ದಳಂತೆ. ನಾನು ಅತ್ತೆಯ ಮುಖ ನೋಡಿದೆ. ತಪ್ಪಾಗಿ ಬಂತು ಎಂದು ಹೇಳಲು ಇನ್ನು ಯಾರಿಗೂ ಬಾಯಿ ಬರುವಂತಿರಲಿಲ್ಲ. ನನ್ನ ರವಿವಾರ ಮುಗಿಯಿತು ಎಂದುಕೊಂಡೆ.

ಅತ್ತೆ ಬುಟ್ಟಿಯ ಬಟ್ಟೆ ಸರಿಸಿದರು.

"ಹ್ಯಾಂಗ ತಿಳಿಬೇಕು? ಅರ್ಧಾ ಉಡಿ ತುಂಬಿ ಕಳಿಸಿದ್ದೆ ನಿನಗ. ಪೂರ್ತಿ ಮಾಡಾಕ ಬಂದೇನಿ. ಉಡಿ ಒಡ್ಡು," ಎಂದರು.

ಹುಡುಗಿ ಸೆರಗು ಒಡ್ಡಿ ಕೂತಳು. ಅತ್ತೆ ಅಕ್ಕಿ ಹಾಕಿದರು, ತೆಂಗಿನಕಾಯಿ ಹಾಕಿದರು, ಅವತ್ತು ತಪ್ಪಿಹೋಗಿದ್ದ ನಿಜವಾದ ಹಸಿರು ಖಣ ಹಾಕಿದರು. ಅದರ ಮೇಲೆ ಕೆಂಪು, ಹಳದಿ, ನೀಲಿ. ಮಾಸ್ತರರ ಪುಸ್ತಕ, ಎಂಟು ಜನರ ಪುಸ್ತಕ, ನಾನು ಮಾತು ಕೊಟ್ಟಿದ್ದ ಪುಸ್ತಕ, ಇಡಿಯಾಗಿ ನನ್ನ ಕಣ್ಣೆದುರಿಗೇ ಅವಳದಾಯಿತು. ಹುಡುಗಿ ಮೂರು ಭಾಗಗಳನ್ನೂ ಎದೆಗೆ ಒತ್ತಿಕೊಂಡು, ಮೊದಲನೆಯದು ಯಾವುದು ಎಂದು ಕೇಳಿದಳು.

ಮೊದಲನೆಯದು ಆಮೇಲೆ, ಮೊದಲು ಕೊನೆಯದು ಓದು ಎಂದು ಅತ್ತೆ ಗೋಡೆಗೊರಗಿ ಕೂತರು. ಹುಡುಗಿ ನಾಲ್ಕನೆಯ ಭಾಗ ತೆಗೆದು ಓದತೊಡಗಿದಳು, ಸ್ವಲ್ಪ ನಿಧಾನ, ಆದರೆ ಗಟ್ಟಿ ದನಿ. ಮಗಳು ಪರದೆ ಸರಿಸಿ ಬಂದು ಅಪ್ಪನ ಎಲೆಗೆ ರೊಟ್ಟಿ ಬಡಿಸುತ್ತಾಳೆ, ಮುಖ ನೋಡುವುದಿಲ್ಲ. ಅಪ್ಪ ಗುರುತು ಹಿಡಿದು ಏಳಲು ಹೋಗುತ್ತಾನೆ. ಊಟ ಮುಗಿಸಿ ಏಳು, ಇಲ್ಲಿ ಯಾರನ್ನೂ ಅರ್ಧ ಊಟದಲ್ಲಿ ಎಬ್ಬಿಸುವುದಿಲ್ಲ ಎನ್ನುತ್ತಾಳೆ. ಆಗ ಅಪ್ಪ ಅಳುತ್ತ, ಡಾಬು ಸಿಕ್ಕಿತು ಮಗಳೇ, ಕದ್ದವನು ಎನ್ನುತ್ತಿದ್ದಂತೆ ಒಂದು ವಿಮಾನ ಇಳಿಯಿತು. ಹುಡುಗಿಯ ತುಟಿ ಆಡುತ್ತಿತ್ತು, ನಮಗೆ ಒಂದಕ್ಷರ ಕೇಳಲಿಲ್ಲ. ಅತ್ತೆ ಆಕಾಶದ ಕಡೆ ನೋಡಿದ ನೋಟಕ್ಕೆ ವಿಮಾನ ತಿರುಗಿ ಹೋಗಬೇಕಿತ್ತು. ಸದ್ದು ಅಡಗಿದ ಮೇಲೆ ಮತ್ತೆ ಓದಿಸಿದರು. ಕದ್ದವನು ಅಳಿಯನೇ. ಆ ಕಾದಂಬರಿ ಓದುವವರಿದ್ದರೆ ಕ್ಷಮಿಸಿ. ನಿಯಮ ನನಗೂ ಗೊತ್ತು, ಆದರೆ ಅತ್ತೆಯ ಈ ಗೆಲುವನ್ನು ಮುಚ್ಚಿಡುವುದು ನನ್ನಿಂದಾಗುವುದಿಲ್ಲ. ಅವರು ಕೋರ್ಟಿನಲ್ಲಿ ಕೇಸು ಗೆದ್ದವರ ಹಾಗೆ ನನ್ನ ಕಡೆ ತಿರುಗಿ, ಸೆರಗು ಸರಿಪಡಿಸಿಕೊಂಡರು.

ಹೊರಡುವಾಗ ಹುಡುಗಿಗೆ ಹೇಳಿದರು. ಪುಸ್ತಕ ಪೂರ್ತಿ ಇದ್ದವರು ರವಿವಾರ ಕುಡಚಡೆಯ ಗಿರಣಿಯ ಮೇಲೆ ಬಂದು, ಏನು ಓದುತ್ತಿದ್ದೇನೆ ಎಂದು ಹೇಳುವುದು ಅಲ್ಲಿಯ ಪದ್ಧತಿ, ಪುಸ್ತಕ ತೆಗೆದುಕೊಂಡು ಬಾ. ಗಂಡನನ್ನು ಕೇಳಿ ನೋಡುತ್ತೇನೆ ಎಂದಳು. ರೈಲಿನಲ್ಲಿ ನಾನು ಅತ್ತೆಗೆ ಬೆನ್ನು ಮಾಡಿ ಕೂತೆ. ಅವರು ಮಡಗಾಂವ ದಾಟುವಷ್ಟರಲ್ಲಿ, ಹಗಲಾಗಿದ್ದರೂ, ಬಾಯಿ ತೆರೆದು ನಿದ್ದೆ ಹೋಗಿದ್ದರು.

ರವಿವಾರ ನಾನು ಚಪ್ಪಲಿ ಮೆಟ್ಟುವಾಗ ಅತ್ತೆಯೂ ಮೆಟ್ಟಿದರು. ಹುಡುಗಿಗೆ ಯಾರಾದರೂ ಏನಾದರೂ ಅಂದುಬಿಟ್ಟಾರು, ಅದಕ್ಕೆ ಬರುತ್ತೇನೆ ಎಂದರು. ಚಾಪೆಯ ಮೇಲೆ ಮಾಸ್ತರರು ಖಾಲಿ ಚೀಲವನ್ನು ಮಡಚಿ ಪಕ್ಕಕ್ಕಿಟ್ಟುಕೊಂಡು ಕೂತಿದ್ದರು. ಸರದಿ ಶುರುವಾಯಿತು. ನರ್ಸ್‌ಬಾಯಿ ಹೇಳಿದರು, ಗಿರಣಿಯವನು ಹೇಳಿದ. ನನ್ನ ಸರದಿ ಹತ್ತಿರ ಬರುತ್ತಿತ್ತು, ಮೆಟ್ಟಿಲ ಮೇಲೆ ಯಾರೂ ಇಲ್ಲ. ಮಾಸ್ತರರು ನನ್ನ ಕಡೆ ತಿರುಗಿ ಎಂದಿನ ಪ್ರಶ್ನೆ ಕೇಳುವುದಕ್ಕೂ ಹುಡುಗಿ ಬಾಗಿಲಲ್ಲಿ ಕಾಣಿಸುವುದಕ್ಕೂ ಸರಿಹೋಯಿತು. ಹೊಸ ಹಸಿರು ಕುಪ್ಪಸ ತೊಟ್ಟಿದ್ದಳು. ಕೈಯಲ್ಲಿ ನಾಲ್ಕೂ ಭಾಗ.

ಅವಳನ್ನು ಕೂರಿಸಿ, ಏನು ಓದುತ್ತಿದ್ದೀಯ ಎಂದು ನಾನೇ ಕೇಳಿದೆ. ಅವಳು ಮೊದಲು ನಾಚಿದಳು, ಆಮೇಲೆ ಹೇಳತೊಡಗಿದಳು. ಕೊನೆ ಮೊದಲು ಓದಿದೆ, ಆಮೇಲೆ ಮೊದಲಿನಿಂದ ಓದುತ್ತ ಬಂದಿದ್ದೇನೆ. ಆ ಹೆಂಗಸು ಎಲ್ಲಿಗೆ ಮುಟ್ಟುತ್ತಾಳೆ ಎಂಬುದು ಗೊತ್ತು, ಅದಕ್ಕೇ ಅವಳು ಮನೆ ಬಿಟ್ಟು ಹೋಗುವಾಗ ನನಗೆ ಅಳು ಬರಲಿಲ್ಲ, ನಡಿ ನಡಿ ಎಂದು ನಾನೇ ಅವಳಿಗೆ ಹೇಳುತ್ತಿದ್ದೆ ಎಂದಳು. ಗಿರಣಿಯವನು ಎರಡೂ ಕೈಯೆತ್ತಿ, ತಾನು ಇಷ್ಟು ವರ್ಷದಿಂದ ಹೇಳುತ್ತ ಬಂದದ್ದು ಇದನ್ನೇ ಎಂದ. ಯಾರೂ ಅವನನ್ನು ಬೈಯಲಿಲ್ಲ.

ಮಾಸ್ತರರು ಪುಸ್ತಕವನ್ನೇ ನೋಡುತ್ತಿದ್ದರು. ಇದು ಅವರದೆಂದು ಹುಡುಗಿಗೆ ಪಕ್ಕದಲ್ಲಿದ್ದವರು ಯಾರೋ ಪಿಸುಗುಟ್ಟಿರಬೇಕು. ಅವಳು ಎದ್ದು ನಾಲ್ಕೂ ಭಾಗಗಳನ್ನು ಅವರ ಮುಂದೆ ಹಿಡಿದಳು. ಅವರು ಹಸಿರು ಹೊದಿಕೆಯ ಮೇಲಿನ ಕುಂಕುಮವನ್ನು ನೋಡಿದರು, ಒಂದೊಂದನ್ನೂ ತೆರೆದು ಹಾಳೆ ತಿರುವಿದರು, ಮತ್ತೆ ಜೋಡಿಸಿ ಅವಳ ಕೈಗೇ ಇಟ್ಟರು.

"ಉಡ್ಯಾಗ ಬಂದದ್ದು ನಿಂದವಾ. ನಮಗ ಓದಾಕ ಕೊಡು, ಓದಿ ತಿರುಗಿ ನಿನಗ ಕೊಡ್ತೇವಿ," ಎಂದರು.

ಹುಡುಗಿ ಕೊಟ್ಟಳು. ಕೆಂಪು ಭಾಗ ಗಿರಣಿಯವನಿಗೆ, ಅವನಿಗೆ ನಾಲ್ಕು ಹಾಳೆ ಬಾಕಿಯಿತ್ತಲ್ಲ, ಹಳದಿ ನರ್ಸ್‌ಬಾಯಿಗೆ. ನೀಲಿಯನ್ನು ತಾನು ಇನ್ನೂ ಓದಬೇಕೆಂದು, ಹಸಿರನ್ನು ಅದರ ಸರದಿ ಬರುವತನಕ ಎಂದು ಇಟ್ಟುಕೊಂಡಳು. ಅವಳು ಕೊಡುತ್ತಿದ್ದ ರೀತಿ ನೋಡಿ ನನಗೆ ಹೊಟ್ಟೆ ತುಂಬಿದ ಹಾಗಾಯಿತು. ನನ್ನ ಮಾತು ಉಳಿದಿತ್ತು, ಪುಸ್ತಕ ಉಳಿದಿತ್ತು, ನಮ್ಮ ಗುಂಪಿಗೆ ಒಬ್ಬಳು ಹೆಚ್ಚಾಗಿದ್ದಳು. ಮಾಸ್ತರರು ಖಾಲಿ ಚೀಲದ ಮಡಿಕೆ ಬಿಡಿಸಿದರು.

ಆಮೇಲೆ ಅವರು ಗೋದಿ ಚೀಲಕ್ಕೆ ಒರಗಿ ಕೂತಿದ್ದ ಅತ್ತೆಯ ಕಡೆ ತಿರುಗಿದರು. ಮರ್ಯಾದೆಗೆ ಕೇಳಿದ್ದು, ಉತ್ತರ ಏನು ಬರುತ್ತದೆಂದು ನಮಗೆಲ್ಲ ಗೊತ್ತಿತ್ತು.

"ಅಮ್ಮಾರ, ನೀವೇನ ಓದಾಕತ್ತೀರಿ?"

"ನಾವು ಓದಿ ಮುಗಿಸೇವ್ರಿ," ಎಂದರು ಅತ್ತೆ. "ಮುಂದಿನ ಪುಸ್ತಕ ದಪ್ಪನ್ನದ ತರ್ರಿ. ಮೊದಲನೇ ಭಾಗ ನಮ್ಮ ಮನಿಗೆ ಬರಬೇಕು. ಈ ಸಲ ಅಧ್ಯಾಯ ನೋಡಿ ಕತ್ತರಸ್ತೇವಿ."

ದೀಪಾವಳಿ ಬಂದು ಹೋಯಿತು. ಈಗ ರವಿವಾರ ಸಂಜೆ ಅಂಗಡಿಯಲ್ಲಿ ಗಂಟು ಬಿಚ್ಚುವವನು ನನ್ನ ಗಂಡ.